ನಾಲ್ಕನೇ ಕ್ವಾರ್ಟರ್‌ನಲ್ಲಿ ಎಲ್ಲರೂ ಬೆಂಚಿನತ್ತಲೇ ನೋಡುವುದು
ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಕ್ವಾರ್ಟರ್ ಬಂದರೆ ನಿಮ್ಮ ಕಾಲೇಜಿನ ಹುಡುಗಿಯರು ಬಾಲ್ ಹಿಡಿದು, ಬೆಂಚಿನಲ್ಲಿರುವ ಕೋಚ್ ಆದ ನಿಮ್ಮ ಮುಖ ನೋಡುತ್ತಾರೆ ಅಂದಿರಿ. ಬಹುಶಃ ಪ್ರತಿ ಪಾಸನ್ನೂ ನೀವೇ ಕೂಗಿ ಹೇಳುವುದೇ ಕಾರಣ. ಶಾಟ್ ಕ್ಲಾಕ್, ಅಂದರೆ ಶಾಟ್ ಹೊಡೆಯಲು ಇರುವ ನಿಗದಿತ ಸಮಯ, ಓಡುತ್ತಿರುವಾಗ ಹೀಗೆ ನೋಡುತ್ತ ನಿಂತರೆ ಉಳಿಯುವುದು ಅವಸರದ ಶಾಟ್ ಮಾತ್ರ.

ಮೊದಲು, ಅಭ್ಯಾಸದ ಕೊನೆಯ 10 ನಿಮಿಷ ತಂಡವನ್ನು 4 ಪಾಯಿಂಟ್ ಹಿಂದಿಟ್ಟು ಆಡಿಸಿ. ನೀವು ಬಾಯಿ ಬಿಡಲೇಬೇಡಿ. ಪ್ಲೇ, ಅಂದರೆ ಮುಂದೆ ಹೇಗೆ ಆಡಬೇಕು ಅಂತ, ಕೂಗಿ ಹೇಳುವುದು ಆಟ ನಡೆಸುವ ಪಾಯಿಂಟ್ ಗಾರ್ಡ್ ಒಬ್ಬಳೇ. ತಪ್ಪಾದರೆ ಬರೆದಿಟ್ಟುಕೊಂಡು, ಮುಗಿದ ಮೇಲೆ ‘ಆಗ ನಿನಗೆ ಏನು ಕಾಣಿಸಿತು?’ ಅಂತ ಅವಳನ್ನೇ ಕೇಳಿ. ಇದು ಕೈಗೂಡಿದ ಮೇಲೆ ಎದುರಿಗೆ ಹುಡುಗರನ್ನು ಇಳಿಸಿ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 8 ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ) ಪ್ರಶಸ್ತಿ ಗೆದ್ದುಕೊಟ್ಟ ಕೋಚ್ ಪ್ಯಾಟ್ ಸಮಿಟ್ ಅಭ್ಯಾಸಕ್ಕೆ ಹುಡುಗರನ್ನು ಬಳಸುತ್ತಿದ್ದರು. ಆದರೆ ನಿಮ್ಮ ಬಿಗಿಯನ್ನು ಪೂರ್ತಿ ಬಿಡಬೇಡಿ, ಡಿಫೆನ್ಸ್ ಮತ್ತು ಬಾಕ್ಸ್‌ಔಟ್‌ನಲ್ಲಿ (ರೀಬೌಂಡ್‌ಗೆ ಎದುರಾಳಿಯನ್ನು ಮೈಯಿಂದ ತಡೆಯುವುದರಲ್ಲಿ) ಅದು ಇರಲೇಬೇಕು.

ಶಾಟ್‌ಗಳು ರಿಂಗ್‌ನ ಮುಂದಿನ ಅಂಚಿಗೇ ಬಡಿಯುತ್ತಿದ್ದರೆ ಕಾಲಿನ ದಣಿವೂ ಇರಬಹುದು. ಆಗ ಮೂರನೇ ಕ್ವಾರ್ಟರ್‌ನಲ್ಲೇ ಗಾರ್ಡ್‌ಗೆ ಎರಡು ನಿಮಿಷ ವಿಶ್ರಾಂತಿ ಕೊಟ್ಟು ನೋಡಿ.