ಪೆಟ್ಟಿಗೆಯ ಮೂಲೆ ಬಿಟ್ಟುಕೊಂಡಿದೆ, ಪಾಲಿಶ್ ಕಲೆ ಕಲೆಯಾಗಿದೆ: ತಪ್ಪಾಗಿದ್ದೆಲ್ಲಿ?

ಮೊದಲ ಸಲ ಮಾಡಿದ ಮರದ ಪೆಟ್ಟಿಗೆ ತಿಂಗಳಲ್ಲೇ ಮೂಲೆ ಬಿಟ್ಟಿತು, ಮೂಲೆಗಳ ಹತ್ತಿರ ಪಾಲಿಶ್ ಹಿಡಿಯಲಿಲ್ಲ ಅಂತ ಕೇಳಿದ್ದೀರಿ. ನನಗೆ ಅನಿಸುವಂತೆ ಎರಡೂ ಕೆಟ್ಟಿದ್ದು ಅಂಟು ಹಚ್ಚುವಾಗಲೇ.

ನಾನು ಕೊಪ್ಪಳದವನು. ನನ್ನ ಮೊದಲ ಸ್ಟೂಲನ್ನು ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಕೂತು ಅಂಟಿಸಿದ್ದೆ. ಎರಡನೇ ಹಲಗೆ ಕೈಗೆ ತಗೊಳ್ಳೋಷ್ಟರಲ್ಲಿ ಅಂಟಿನ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿತ್ತು. ಹಾಗೇ ಒತ್ತಿಬಿಟ್ಟೆ. ವಾರಕ್ಕೆ ಕೈಯಲ್ಲೇ ಕಿತ್ತು ಬಂತು. ನೋಡಿದರೆ ಒಂದು ಕಡೆಯ ಮರಕ್ಕೆ ಅಂಟು ಹತ್ತೇ ಇರಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ, ನೆರಳಲ್ಲೇ ಅಂಟಿಸಬೇಕು.

ಅದಕ್ಕೂ ಮೊದಲು ಅಂಟಿಲ್ಲದೆ ಜೋಡಿಸಿ, ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ಕೀಸಬೇಕು ಅಂತ ಅರ್ಥ. ಫೆವಿಕಾಲ್‌ನಂಥ ಬಿಳಿ ಅಂಟು ಸಂದಿ ತುಂಬಿ ಗಟ್ಟಿ ಮಾಡುವುದಿಲ್ಲ. ಇನ್ನು ಹಲಗೆಯ ತುದಿ, ಅಂದರೆ ಎಳೆ ಕತ್ತರಿಸಿದ ಮುಖ, ಅಂಟನ್ನು ಕುಡಿದುಬಿಡುತ್ತದೆ. ಮೂಲೆ ಬಿಡುವುದು ಜಾಸ್ತಿ ಇಲ್ಲೇ. ಅಲ್ಲಿ ಬರೀ ಅಂಟನ್ನು ನಂಬಬೇಡಿ, ಎರಡೆರಡು ಮರದ ಗೂಟ ಕೂರಿಸಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ಕಡ್ಡಿ ತೂರಿಸಿ ತಿರುವಿ ಬಿಗಿ ಮಾಡಿ. 24 ಗಂಟೆ ಆ ಬಿಗಿ ಬಿಚ್ಚಬೇಡಿ.

ನಮ್ಮ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆಯ ಭಾಗಗಳನ್ನು ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಮೇಲೆ ಕಿಟ್ಟ ಬಳಿಯುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿದ್ದು ಅದು. ಆಮೇಲೆ ಬಣ್ಣ. ಎಷ್ಟು ಚೆಂದ ಅಂದ್ರೆ ಕೂಡಿಸಿದ ಗುರುತೇ ಸಿಗುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಮರವೇ ಕಾಣಬೇಕು, ಸಂದಿ ಮುಚ್ಚಲು ಏನೂ ಇಲ್ಲ ಅಲ್ವಾ? ಅದಕ್ಕೇ ಜೋಡಣೆ ಸರಿಯಾಗಿ ಕೂರಬೇಕು.

ಪಾಲಿಶ್ ಕಲೆಗೂ ಅಂಟೇ ಕಾರಣ. ಹೊರಗೆ ಉಕ್ಕಿದ ಅಂಟನ್ನು ಬೆರಳಿನಿಂದ ಒರೆಸಿರುತ್ತೀರಿ. ಅದು ಮರದ ರಂಧ್ರದಲ್ಲಿ ಕೂತರೆ ಪಾಲಿಶ್ ಇಳಿಯುವುದಿಲ್ಲ. ನನ್ನ ಸ್ಟೂಲಿನ ಮೇಲೆ ಹೆಬ್ಬೆಟ್ಟಿನ ಗುರುತು ಗೆರೆ ಗೆರೆಯಾಗಿ ಬೆಳ್ಳಗೆ ಎದ್ದಿತ್ತು. ಉಕ್ಕಿದ ಅಂಟು ರಬ್ಬರಿನಂತಾಗುವ ತನಕ ಬಿಟ್ಟು, ಉಳಿಯಿಂದ ಎಬ್ಬಿಸಿ. 120, 180, 220 ನಂಬರಿನ ಉಪ್ಪುಕಾಗದವನ್ನು (ಸ್ಯಾಂಡ್‌ಪೇಪರ್) ಒಂದಾದ ಮೇಲೊಂದರಂತೆ ಎಳೆಯ ಗುಂಟ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ: ಉಳಿದ ಅಂಟು ತಿಳಿ ಕಲೆಯಾಗಿ ಕಾಣುತ್ತದೆ, ಮರದ ನವಿರೂ ಏಳುತ್ತದೆ. ಒಣಗಿದ ಮೇಲೆ 220ರಲ್ಲಿ ಹಗುರವಾಗಿ ಇನ್ನೊಮ್ಮೆ. ಆಮೇಲೆ ಚಪಡಾ (ಅರಗಿನ) ಪಾಲಿಶ್, ತೆಳ್ಳಗೆ ಮೂರು ನಾಲ್ಕು ಕೈ. ಮಳೆ ದಿನ ಮಾತ್ರ ಬೇಡ, ತೇವಕ್ಕೆ ಅದು ಬೆಳ್ಳಗಾಗುತ್ತದೆ.

ಈಗಿರುವ ಪೆಟ್ಟಿಗೆಯನ್ನು ಎಸೆಯಬೇಡಿ. ಮೂಲೆ ಪೂರ್ತಿ ಬಿಡಿಸಿ, ಹಳೆ ಅಂಟನ್ನು ಬರೀ ಮರ ಕಾಣುವ ತನಕ ಕೆರೆಯಿರಿ. ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ.