ಕೊಂಬೆಯ ಕೈಗೆ ಲೆಕ್ಕದ ಪುಸ್ತಕ ಕೊಟ್ಟವರಾರು?

ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಅನೇಕ ವರ್ಷಗಳಿಂದ ಅವರು ತಮ್ಮ ಸಭೆಯಲ್ಲಿ ಮಕ್ಕಳ ಭಾನುವಾರದ ತರಗತಿ ನಡೆಸುತ್ತಿದ್ದಾರೆ, ಗಾಯನ ತಂಡದಲ್ಲಿದ್ದಾರೆ, ರೋಗಿಗಳನ್ನು ನೋಡಲು ಹೋಗುತ್ತಾರೆ, ಸ್ತ್ರೀಯರ ಕೂಟದ ಕಾರ್ಯದರ್ಶಿಯೂ ಆಗಿದ್ದಾರೆ. ಆದರೂ ಪ್ರಾರ್ಥನೆಗೆ ಕುಳಿತರೆ ಮನಸ್ಸು ಬರಿದಾಗಿರುತ್ತದೆ, ಕ್ರಿಸ್ತನು ದೂರ ಸರಿದಂತೆ ಅನಿಸುತ್ತದೆ. ಇತ್ತೀಚೆಗೆ ಒಂದು ಉಜ್ಜೀವನ ಕೂಟದಲ್ಲಿ ಬೋಧಕರೊಬ್ಬರು ಫಲಕೊಡದ ಕೊಂಬೆಯನ್ನು ಬೆಂಕಿಗೆ ಹಾಕುವ ಮಾತನ್ನೆತ್ತಿ, "ಈ ವರ್ಷ ನೀವು ಎಷ್ಟು ಆತ್ಮಗಳನ್ನು ಕರೆತಂದಿರಿ?" ಎಂದು ಕೇಳಿದರಂತೆ. ಅಂದಿನಿಂದ ಇವರಿಗೆ ನೆಮ್ಮದಿಯಿಲ್ಲ. "ನಾನು ಇನ್ನೂ ಹೆಚ್ಚು ಸೇವೆ ಮಾಡಬೇಕೇ, ಇಲ್ಲವೇ ಎಲ್ಲವನ್ನೂ ಬಿಟ್ಟು ಪ್ರಾರ್ಥನೆಗೆ ಕೂರಬೇಕೇ? ಫಲಭರಿತ ಜೀವನ ಎಂದರೆ ಯಾವುದು?" ಎಂಬುದು ಅವರ ಪ್ರಶ್ನೆ.

ಪ್ರಿಯ ಸಹೋದರಿ,

ನಿಮ್ಮ ಪತ್ರದ ಮೊದಲ ಮೂರು ಪುಟಗಳು ನೀವು ಮಾಡುವ ಕೆಲಸಗಳ ವಿವರಕ್ಕೇ ಮುಗಿದುಹೋಗಿವೆ. ಕ್ರಿಸ್ತನ ಹೆಸರು ಮೊದಲ ಸಲ ಕಾಣಿಸಿಕೊಳ್ಳುವುದು ನಾಲ್ಕನೆಯ ಪುಟದ ನಡುವಿನಲ್ಲಿ. ಚುಚ್ಚಬೇಕೆಂದು ಇದನ್ನು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನೀವೇ ಬರೆದು ಕಳುಹಿಸಿದ್ದೀರಿ ಎಂದು ತೋರಿಸಲು ಹೇಳುತ್ತಿದ್ದೇನೆ. ಆತನು ದೂರವಿದ್ದಾನೆ ಎಂದು ಬಾಯಿಬಿಟ್ಟು ಹೇಳಲು ನಿಮಗೆ ಧೈರ್ಯವಿದೆ. ಆ ದೂರವನ್ನು ಗಮನಿಸಲೂ ಪುರುಸೊತ್ತಿಲ್ಲದೆ ವರ್ಷಗಟ್ಟಲೆ ವೇದಿಕೆ ಹತ್ತಿ ಇಳಿಯುವವರಿಗಿಂತ ನೀವು ಆತನಿಗೆ ಹತ್ತಿರವೇ ಇದ್ದೀರಿ ಎಂಬುದು ನನ್ನ ನಂಬಿಕೆ.

ಸೇವೆಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರಿಕೆ ಖಂಡಿತವಾಗಿ ಹೇಳುತ್ತದೆ. ಹಸಿದವನಿಗೆ ಊಟ ಕೊಟ್ಟದ್ದು, ಸೆರೆಯಲ್ಲಿದ್ದವನನ್ನು ನೋಡಲು ಹೋದದ್ದು ತನಗೇ ಮಾಡಿದ್ದು ಎಂದು ಮತ್ತಾಯ 25ರಲ್ಲಿ ಕರ್ತನೇ ಹೇಳಿದ್ದಾನೆ. ಸಹೋದರಿ ಮಾರ್ಥಳು ಕೆಲಸದಲ್ಲಿ ಮುಳುಗಿದ್ದಾಗ ಆತನ ಪಾದದ ಬಳಿ ಕುಳಿತ ಮರಿಯಳ ಕಥೆಯನ್ನು ನನ್ನಂಥವರು ಪದೇ ಪದೇ ಹೇಳುತ್ತೇವಾದರೂ, ಲೂಕನು ಅದನ್ನು ಗಾಯಗೊಂಡವನ ಬಳಿ ನಿಂತ ಸಮಾರ್ಯದವನ ಸಾಮ್ಯದ ಬೆನ್ನಿಗೇ ಇಟ್ಟಿದ್ದಾನೆ ಎಂಬುದನ್ನು ಮರೆಯುವಂತಿಲ್ಲ. ಒಪ್ಪಿದೆ. ಇಷ್ಟು ಹೇಳಿ ಆ ಪಕ್ಷವನ್ನು ಇಲ್ಲಿಗೇ ಬಿಡುತ್ತೇನೆ, ಏಕೆಂದರೆ ಅದಕ್ಕೆ ವಕೀಲರ ಕೊರತೆ ಎಂದೂ ಇರಲಿಲ್ಲ. ನೀವು ಹೋಗಿದ್ದ ಕೂಟದಲ್ಲೂ ಒಬ್ಬರು ವಾದ ಮಂಡಿಸಿದ್ದಾರೆ.

ಆ ಬೋಧಕರು ಎತ್ತಿಕೊಂಡ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯವನ್ನು ನೀವು ಒಮ್ಮೆ ನಿಧಾನವಾಗಿ, ಯಾರ ಧ್ವನಿಯನ್ನೂ ನೆನಪಿಸಿಕೊಳ್ಳದೆ ಓದಬೇಕು. ಕ್ರಿಸ್ತನು ಅಲ್ಲಿ ತನ್ನನ್ನು ದ್ರಾಕ್ಷಿಬಳ್ಳಿಯೆಂದೂ ಶಿಷ್ಯರನ್ನು ಕೊಂಬೆಗಳೆಂದೂ ತಂದೆಯನ್ನು ತೋಟಗಾರನೆಂದೂ ಕರೆಯುತ್ತಾನೆ. ಅದು ಜನಜಂಗುಳಿಯ ಮುಂದೆ ಮಾಡಿದ ಎಚ್ಚರಿಕೆಯ ಭಾಷಣವಲ್ಲ. ಯೂದನು ಎದ್ದುಹೋದ ಮೇಲೆ, ಉಳಿದ ಹನ್ನೊಂದು ಮಂದಿಗೆ, ತನ್ನ ಮರಣದ ಹಿಂದಿನ ರಾತ್ರಿ ಆತನು ಆಡಿದ ಮಾತು ಅದು. ಕೆಲವೇ ಗಂಟೆಗಳಲ್ಲಿ ಇವರೆಲ್ಲರೂ ತನ್ನನ್ನು ಬಿಟ್ಟು ಓಡಿಹೋಗುವರೆಂದು, ಪೇತ್ರನು ಮೂರು ಸಾರಿ ಅಲ್ಲಗಳೆಯುವನೆಂದು ತಿಳಿದೇ ಆತನು ಅವರಿಗೆ "ನನ್ನಲ್ಲಿ ನೆಲೆಗೊಂಡಿರಿ" ಎಂದನು, ಅವರನ್ನು ಸ್ನೇಹಿತರೆಂದು ಕರೆದನು, ತನ್ನ ಸಂತೋಷವು ಅವರಲ್ಲಿ ಇರಬೇಕೆಂದೇ ಇದನ್ನೆಲ್ಲ ಹೇಳುತ್ತಿದ್ದೇನೆಂದನು. ಬೆಂಕಿಯ ಮಾತು ಬರುವುದು 6ನೆಯ ವಚನದಲ್ಲಿ, ಅದೂ ಆತನಲ್ಲಿ ನೆಲೆಗೊಳ್ಳದವನ ವಿಷಯದಲ್ಲಿ. ಎಷ್ಟು ಗೊಂಚಲು ಎಂಬ ಪ್ರಶ್ನೆಯನ್ನು ತೋಟಗಾರನಾದ ತಂದೆ ಯಾವ ಕೊಂಬೆಗೂ ಆ ಅಧ್ಯಾಯದಲ್ಲಿ ಕೇಳುವುದಿಲ್ಲ. ಕೊಂಬೆಗೆ ಇರುವ ಅಪ್ಪಣೆ ಒಂದೇ, ಬಳ್ಳಿಯಲ್ಲಿ ಇರು ಎಂಬುದು. ಲೆಕ್ಕದ ಪುಸ್ತಕವನ್ನು ಕೊಂಬೆಯ ಕೈಗೆ ಕೊಟ್ಟವರು ನಾವು.

ದ್ರಾಕ್ಷಿಯ ಸ್ವಭಾವವನ್ನು ಬಲ್ಲವರಿಗೆ ಈ ಸಾಮ್ಯದ ಆಳ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಳ್ಳಿಯನ್ನು ಸವರದೆ ಬಿಟ್ಟರೆ ಅದು ಸೊಂಪಾಗಿ ಬೆಳೆಯುತ್ತದೆ. ಉದ್ದುದ್ದ ಚಿಗುರು, ದಟ್ಟವಾದ ಎಲೆ, ತಂಪಾದ ನೆರಳು ಎಲ್ಲವೂ ಇರುತ್ತವೆ, ಆದರೆ ಆ ನೆರಳಿನಲ್ಲೇ ಹಣ್ಣು ಸೊರಗುತ್ತದೆ. ಆದ್ದರಿಂದಲೇ ತೋಟಗಾರರು ಹಿಂದಿನ ವರ್ಷದ ಬೆಳವಣಿಗೆಯ ಬಹುಪಾಲನ್ನು ಕತ್ತರಿಸಿ ಹಾಕುತ್ತಾರೆ, ಮತ್ತು ಸವರಿದ ದಿನ ತೋಟವನ್ನು ನೋಡಿದವರಿಗೆ ಅದು ಹಾಳಾದಂತೆಯೇ ಕಾಣುತ್ತದೆ. ಬಳ್ಳಿಯಿಂದ ಬೇರೆಯಾದ ಕೊಂಬೆಯ ಕಥೆ ಇದಕ್ಕಿಂತ ಕಳವಳಕಾರಿ: ಅದು ಆ ಕ್ಷಣವೇ ಒಣಗುವುದಿಲ್ಲ. ತನ್ನೊಳಗೆ ಉಳಿದಿರುವ ತೇವದಿಂದ ಸ್ವಲ್ಪ ಕಾಲ ಹಸಿರಾಗಿಯೇ ಇರುತ್ತದೆ, ದೂರದಿಂದ ನೋಡಿದರೆ ಯಾವುದು ಕತ್ತರಿಸಿದ್ದು, ಯಾವುದು ಜೀವಂತ ಎಂದು ಹೇಳಲಾಗದು. ಇನ್ನು ದ್ರಾಕ್ಷಿಯ ಕಟ್ಟಿಗೆಯ ವಿಷಯಕ್ಕೆ ಬಂದರೆ, ಪಾತ್ರೆಯೊಂದನ್ನು ನೇತುಹಾಕುವ ಗೂಟಕ್ಕಾದರೂ ಅದು ಬರುತ್ತದೆಯೇ ಎಂದು ಯೆಹೆಜ್ಕೇಲನ 15ನೆಯ ಅಧ್ಯಾಯ ಕೇಳುತ್ತದೆ. ಬರುವುದಿಲ್ಲ. ಬೇರೆ ಮರದ ಕೊಂಬೆ ಮುರಿದರೆ ಏನಾದರೂ ಒಂದು ಉಪಯೋಗಕ್ಕಾದೀತು; ದ್ರಾಕ್ಷಿಯ ಕೊಂಬೆಗೆ ಬಳ್ಳಿಯಲ್ಲಿ ಉಳಿಯುವುದನ್ನು ಬಿಟ್ಟು ಬೇರೆ ಜೀವನೋಪಾಯವೇ ಇಲ್ಲ.

ಯೋಹಾನ 15ರಲ್ಲೇ ಬರುವ "ನನ್ನನ್ನು ಬಿಟ್ಟು ನೀವು ಏನೂ ಮಾಡಲಾರಿರಿ" ಎಂಬ ಮಾತನ್ನು ವಿವರಿಸುವಾಗ ಪ್ರಾಚೀನ ಸಭೆಯ ಮಹಾಬೋಧಕನಾದ ಅಗಸ್ಟೀನನು, ಕರ್ತನು "ಸ್ವಲ್ಪ ಮಾತ್ರ ಮಾಡಬಲ್ಲಿರಿ" ಎಂದು ಹೇಳಲಿಲ್ಲ ಎಂಬುದರತ್ತ ಬೊಟ್ಟು ಮಾಡುತ್ತಾನೆ. ಸಣ್ಣದಾದರೂ ಒಂದು ಫಲವನ್ನು ಕೊಂಬೆ ತಾನಾಗಿಯೇ ಕೊಡಬಹುದೆಂದು ಯಾರೂ ಭಾವಿಸದಿರಲಿ ಎಂಬುದು ಅವನ ಅಭಿಪ್ರಾಯ. ನಮ್ಮಲ್ಲಿ ಅನೇಕರು ಆ "ಸ್ವಲ್ಪ"ದ ಮೇಲೆಯೇ ಇಡೀ ಸೇವೆಯನ್ನು ಕಟ್ಟಿಕೊಂಡಿದ್ದೇವೆ.

ಹಾಗಾದರೆ ಫಲ ಎಂದರೇನು? ಗಲಾತ್ಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನು ಕೊಡುವ ಪಟ್ಟಿಯನ್ನು ನೀವು ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತೀರಿ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಇವುಗಳಲ್ಲಿ ಒಂದನ್ನಾದರೂ ಎಣಿಸಿ ವರದಿಯಲ್ಲಿ ತುಂಬಿಸಲು ಸಾಧ್ಯವೇ ನೋಡಿ. ಯೋಹಾನ 15ರಲ್ಲಿಯೂ ಫಲದ ಮಾತು ಹೋಗಿ ಸೇರುವುದು "ಒಬ್ಬರನ್ನೊಬ್ಬರು ಪ್ರೀತಿಸಿರಿ" ಎಂಬ ಆಜ್ಞೆಗೆ. ಇದಕ್ಕೆ ಪ್ರತಿಯಾಗಿ, ಎಣಿಸಬಹುದಾದದ್ದನ್ನು ಹಿಡಿದುಕೊಂಡು ಬಂದವರ ಗತಿ ಮತ್ತಾಯ 7ರಲ್ಲಿದೆ: ಪ್ರವಾದನೆ ಹೇಳಿದೆವು, ದೆವ್ವಗಳನ್ನು ಬಿಡಿಸಿದೆವು, ಮಹತ್ಕಾರ್ಯಗಳನ್ನು ಮಾಡಿದೆವು ಎಂದು ಅವರು ಒಪ್ಪಿಸಿದ ಲೆಕ್ಕವನ್ನು ಆತನು ಸುಳ್ಳೆನ್ನುವುದಿಲ್ಲ, "ನಾನೆಂದೂ ನಿಮ್ಮ ಗುರುತನ್ನು ಕಾಣೆನು" ಎನ್ನುತ್ತಾನೆ. ಎಫೆಸದ ಸಭೆಗೆ ಪ್ರಕಟನೆಯ 2ನೆಯ ಅಧ್ಯಾಯದಲ್ಲಿ ಬಂದ ಸಂದೇಶವೂ ಇಂಥದ್ದೇ. ಅವರ ಪ್ರಯಾಸ, ತಾಳ್ಮೆ, ಸುಳ್ಳು ಅಪೊಸ್ತಲರನ್ನು ಪತ್ತೆಹಚ್ಚಿದ ಜಾಣತನ ಎಲ್ಲಕ್ಕೂ ಮೆಚ್ಚುಗೆಯುಂಟು, ಆದರೆ ಮೊದಲಿದ್ದ ಪ್ರೀತಿಯನ್ನು ಅವರು ಬಿಟ್ಟುಬಿಟ್ಟಿದ್ದರು.

ಪ್ರಾರ್ಥನೆಯಲ್ಲಿ ಮನಸ್ಸು ಬರಿದಾಗಿರುತ್ತದೆ ಎಂದು ನೀವು ದೊಡ್ಡ ಅಪರಾಧದಂತೆ ಬರೆದಿದ್ದೀರಿ. ಹಾಗಾದರೆ ನಿಮಗೆ ಒಳ್ಳೆಯ ಸಹವಾಸವಿದೆ. ಪ್ರಾರ್ಥನೆಯ ವಿಷಯದಲ್ಲಿ ಸಭೆಯ ಮಹಾಗುರುಗಳಲ್ಲಿ ಒಬ್ಬಳೆಂದು ಎಣಿಸಲ್ಪಡುವ ಆವಿಲಾದ ತೆರೇಸಳು (1515–1582), ಎಷ್ಟೋ ವರ್ಷಗಳ ಕಾಲ ತಾನು ಪ್ರಾರ್ಥನೆಯ ತಾಸು ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದೆ ಎಂದು ತನ್ನ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಬರೆದಿದ್ದಾಳೆ. ಕುಳಿತಿರುತ್ತಿದ್ದೆ ಎಂಬುದನ್ನು ಗಮನಿಸಿ, ಎದ್ದು ಹೋಗಲಿಲ್ಲ. ಪ್ಯಾರಿಸಿನ ಕಾರ್ಮೆಲ್ ಮಠವೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಸಹೋದರ ಲಾರೆನ್ಸನು ಪಾತ್ರೆಗಳ ಗದ್ದಲದ ನಡುವೆಯೂ ದೇವರ ಸನ್ನಿಧಿಯಲ್ಲಿದ್ದವನೆಂದು ಎಲ್ಲರೂ ಕೊಂಡಾಡುತ್ತಾರೆ. ಅಡುಗೆಮನೆಯ ಕೆಲಸ ಅವನ ಸ್ವಭಾವಕ್ಕೆ ಹಿಡಿಸದ್ದಾಗಿತ್ತೆಂಬುದನ್ನೂ, ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಅವನೇ ಒಂದು ಪತ್ರದಲ್ಲಿ ಹೇಳಿಕೊಂಡಿರುವುದನ್ನೂ ಹೇಳುವವರು ಕಡಿಮೆ. ಅವನು ತೀರಿಕೊಂಡದ್ದು 1691ರಲ್ಲಿ. ಅವನ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾದದ್ದು ಆಮೇಲೆ. ತನ್ನ ಜೀವಮಾನದಲ್ಲಿ ಅವನು ಯಾವ ಕೂಟದಲ್ಲೂ ಮುಖ್ಯ ಬೋಧಕನಾಗಿರಲಿಲ್ಲ.

ಕೆಲಸದವರ ಪಂಗಡದಿಂದಲೇ ಒಂದು ಸಾಕ್ಷ್ಯ ಬೇಕೆಂದರೆ ಜಾರ್ಜ್ ಮುಲ್ಲರ್ ಇದ್ದಾನೆ. ಬ್ರಿಸ್ಟಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಈ ಮನುಷ್ಯನನ್ನು ಸೋಮಾರಿ ಎನ್ನಲು ಯಾರಿಗೂ ಸಾಧ್ಯವಿಲ್ಲ. ಅಂಥವನು 1841ರಲ್ಲಿ ಬರೆದುಕೊಂಡದ್ದೇನೆಂದರೆ, ಪ್ರತಿದಿನ ತಾನು ಗಮನಿಸಬೇಕಾದ ಮೊದಲನೆಯ ಮತ್ತು ಮುಖ್ಯವಾದ ಕೆಲಸ ಕರ್ತನಲ್ಲಿ ತನ್ನ ಆತ್ಮವನ್ನು ಸಂತೋಷವಾಗಿರಿಸಿಕೊಳ್ಳುವುದು. ಕರ್ತನಿಗೆ ಎಷ್ಟು ಸೇವೆ ಮಾಡಬಹುದೆಂಬ ಚಿಂತೆ ಅದಾದ ಮೇಲೆ. ಅದಕ್ಕೂ ಮೊದಲು ಅವನು ಎದ್ದ ಕೂಡಲೆ ಪ್ರಾರ್ಥನೆಗೆ ಕೂರುತ್ತಿದ್ದನು, ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಮನಸ್ಸು ಅಲೆದಾಡುತ್ತಿತ್ತು. ಆಮೇಲೆ ಅವನು ಕ್ರಮವನ್ನು ಬದಲಿಸಿ, ಮೊದಲು ವಾಕ್ಯವನ್ನು ಸ್ವಲ್ಪ ಸ್ವಲ್ಪವಾಗಿ ಧ್ಯಾನಿಸುತ್ತಾ, ಓದಿದ್ದನ್ನೇ ಸ್ತೋತ್ರವಾಗಿಯೂ ಅರಿಕೆಯಾಗಿಯೂ ಬೇಡಿಕೆಯಾಗಿಯೂ ತಿರುಗಿಸತೊಡಗಿದನು. ನಿಮಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೊಡಲಾರೆ.

ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ದೂರನ್ನು ಹೇಳಬೇಕು, ಏಕೆಂದರೆ ನಿಮ್ಮ ಸಂಕಟಕ್ಕೆ ನೀವೊಬ್ಬರೇ ಕಾರಣರಲ್ಲ. ಸಂಪಾದಕನ ಈ ಮೇಜಿಗೆ ಓದುಗರು ಬರೆದು ಕಳುಹಿಸುವ ಸಾಕ್ಷಿಗಳಲ್ಲಿಯೂ ಸಭೆಗಳ ವಾರ್ಷಿಕ ವರದಿಗಳಲ್ಲಿಯೂ ಸಂಖ್ಯೆಗಳೇ ತುಂಬಿರುತ್ತವೆ: ಇಷ್ಟು ಕೂಟಗಳು, ಇಷ್ಟು ದೀಕ್ಷಾಸ್ನಾನಗಳು, ಇಷ್ಟು ದಿನಗಳ ಉಪವಾಸ. ಕೋಪ ಕಡಿಮೆಯಾಯಿತೆಂದು, ಹಳೆಯ ಸಾಲವನ್ನು ಪ್ರಾಮಾಣಿಕವಾಗಿ ತೀರಿಸಿದೆನೆಂದು, ಅಸೂಯೆ ಪಡುತ್ತಿದ್ದವನಿಗಾಗಿ ಪ್ರಾರ್ಥಿಸಲು ಕಲಿತೆನೆಂದು ಯಾರೂ ಬರೆದು ಕಳುಹಿಸುವುದಿಲ್ಲ. ಕಳುಹಿಸಿದರೆ ಮೊದಲ ಪುಟದಲ್ಲೇ ಹಾಕುತ್ತೇನೆ. ಎಪ್ಪತ್ತು ಮಂದಿ ಶಿಷ್ಯರು ಸೇವೆಯಿಂದ ಹಿಂದಿರುಗಿ, ದೆವ್ವಗಳೂ ನಮಗೆ ಅಧೀನವಾಗುತ್ತವೆ ಎಂದು ಸಂಭ್ರಮದಿಂದ ವರದಿ ಒಪ್ಪಿಸಿದಾಗ ಕರ್ತನು ಏನು ಹೇಳಿದನೆಂಬುದು ಲೂಕ 10ರಲ್ಲೇ ಇದೆ. ಅದಕ್ಕಾಗಿ ಸಂತೋಷಪಡಬೇಡಿರಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆಯೆಂದು ಸಂತೋಷಪಡಿರಿ ಎಂದನು. ನಮ್ಮ ಯಾವ ವರದಿಗೂ ಈ ವಚನವನ್ನು ತಲೆಬರಹವಾಗಿ ಹಾಕಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಅನ್ಯಾಯ ಸದ್ದಿಲ್ಲದೆ ನಡೆಯುತ್ತದೆ. ಇಲ್ಲ ಎನ್ನಲು ಬಾರದವರು ಪ್ರತಿ ಸಭೆಯಲ್ಲೂ ನಾಲ್ಕಾರು ಮಂದಿ ಇರುತ್ತಾರೆ. ಹೊಸ ಹೊಣೆ ಬಂದಾಗಲೆಲ್ಲ ಅವರ ಹೆಗಲನ್ನೇ ಹುಡುಕುತ್ತೇವೆ, ಅವರು ಬಳಲಿದರೆ ನಂಬಿಕೆ ಕುಂದಿತೆಂದು ಪ್ರಸಂಗ ಮಾಡುತ್ತೇವೆ, ನಿಮ್ಮ ಆತ್ಮ ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ಮಾರ್ಕನ 3ನೆಯ ಅಧ್ಯಾಯದಲ್ಲಿ ಕರ್ತನು ಹನ್ನೆರಡು ಮಂದಿಯನ್ನು ನೇಮಿಸಿದ್ದು ಮೊದಲು ತನ್ನ ಸಂಗಡ ಇರುವುದಕ್ಕೆ, ಆಮೇಲೆ ಸಾರಲು ಕಳುಹಿಸುವುದಕ್ಕೆ. ಆತನೇ ಕಪೆರ್ನೌಮಿನಲ್ಲಿ ಊರೆಲ್ಲ ಬಾಗಿಲಲ್ಲಿ ನೆರೆದಿದ್ದ ಸಂಜೆಯ ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು, ಎಲ್ಲರೂ ನಿನ್ನನ್ನು ಹುಡುಕುತ್ತಾರೆ ಎಂದು ಸೀಮೋನನು ಬಂದು ಹೇಳಿದಾಗ ಹಿಂದಿರುಗದೆ ಬೇರೆ ಊರುಗಳಿಗೆ ಹೊರಟನು. ಅಗತ್ಯವಿದ್ದ ಜನರನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ದೇವಕುಮಾರನಿಗಿತ್ತು. ನಿಮಗೆ ಅದು ಇಲ್ಲವೆಂದು ಹೇಳಿದವರು ಯಾರು?

ಆದ್ದರಿಂದ ಎಲ್ಲವನ್ನೂ ಬಿಡಬೇಡಿ, ಎರಡನ್ನು ಬಿಡಿ. ಕಾರ್ಯದರ್ಶಿಯ ಹೊಣೆಯೂ ಗಾಯನ ತಂಡವೂ ನೀವಿಲ್ಲದೆ ನಡೆಯುತ್ತವೆ. ಮಕ್ಕಳನ್ನೂ ರೋಗಿಗಳನ್ನೂ ಉಳಿಸಿಕೊಳ್ಳಿ, ನಿಮ್ಮ ಪತ್ರದಲ್ಲಿ ನೀವು ಅಕ್ಕರೆಯಿಂದ ಬರೆದಿರುವುದು ಅವರ ಬಗ್ಗೆ ಮಾತ್ರ. ಬಿಡುವಾದ ಹೊತ್ತಿನಲ್ಲಿ ಒಂದು ಸುವಾರ್ತೆಯನ್ನು ಕೆಲವೇ ವಚನಗಳಂತೆ ಓದಿ, ತರಗತಿಗೆ ಪಾಠ ಸಿದ್ಧಪಡಿಸುವ ಕಣ್ಣಿನಿಂದ ಓದಬೇಡಿ. ಮಾತು ಹುಟ್ಟದ ದಿನ ಕೀರ್ತನೆಗಳ ಮಾತನ್ನು ಕಡ ತೆಗೆದುಕೊಳ್ಳಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಸಂಗೀತದ ಅಬ್ಬರದಲ್ಲಿ ಕಣ್ಣೀರು ಬಂದ ದಿನ ಹತ್ತಿರವಾದೆನೆಂದೂ, ಬಾರದ ದಿನ ದೂರವಾದೆನೆಂದೂ ಅಳೆಯುವ ಅಭ್ಯಾಸವನ್ನು ಬಿಟ್ಟುಬಿಡಿ.

ಕೊನೆಯದಾಗಿ, ನಿಮ್ಮ ಮೂರನೆಯ ಪುಟದಲ್ಲಿ ಆವರಣದೊಳಗೆ ಹಾಕಿ ದಾಟಿಹೋದ ಒಂದು ಸಾಲಿದೆ: ತರಗತಿಯಲ್ಲಿ ಜೊತೆಗೆ ಕಲಿಸುವ ಸಹೋದರಿಯೊಡನೆ ಕಳೆದ ವರ್ಷದಿಂದ ನಿಮಗೆ ಮಾತಿಲ್ಲ, ತಪ್ಪು ಅವರದು. ನಾಲ್ಕು ಪುಟಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಸಾಲು ಇದು. ತಪ್ಪು ಅವರದೇ ಇರಬಹುದು. ಆದರೆ ಮತ್ತಾಯ 5ರಲ್ಲಿ, ಯಜ್ಞವೇದಿಯ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಹೇಳುವಾಗ ಕರ್ತನು ತಪ್ಪು ಯಾರದೆಂದು ವಿಚಾರಿಸುವುದಿಲ್ಲ. ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ವಿರೋಧವಿದ್ದರೆ ಹೊರಡು ಎನ್ನುತ್ತಾನೆ. ಹೊಸ ಉಪವಾಸವನ್ನಾಗಲಿ ಹೊಸ ಸೇವೆಯನ್ನಾಗಲಿ ಆರಂಭಿಸುವ ಮೊದಲು ಅವರ ಮನೆಗೆ ಹೋಗಿಬನ್ನಿ. ಮಾತು ಸರಿಹೋಗದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಸರಿಹೋದರೂ ಬರೆಯಿರಿ, ನಿಮ್ಮ ಹೆಸರಿಲ್ಲದೆಯೇ ಅದನ್ನು ಅಚ್ಚು ಹಾಕಿಸುತ್ತೇನೆ.

— ಸಂಪಾದಕ