ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ

ಪ್ರಶ್ನೆ: ನಮ್ಮ ಹಳ್ಳಿಯವರೆಲ್ಲ ಕುಡಿಯುವುದು ಒಂದೇ ಕೊಳವೆಬಾವಿಯ ನೀರು. ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಲೀಟರಿಗೆ 3.2 ಮಿಲಿಗ್ರಾಂ ಫ್ಲೋರೈಡ್ ಇದೆಯೆಂದು ವರದಿ ಬಂದಿದೆ. ಹತ್ತು ವರ್ಷದ ಮಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ; ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅತ್ತೆಯವರಿಗೆ ಕತ್ತು, ಸೊಂಟ ಬಿಗಿದುಕೊಂಡಿವೆ. ಎಂಟು ತಿಂಗಳ ಮಗಳೂ ಇದ್ದಾಳೆ. ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯುತ್ತಿದ್ದೇವೆ. ಇಷ್ಟು ಸಾಕೇ?

ಉತ್ತರ: ಸಾಲದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಆವಿಯಾಗುವುದಿಲ್ಲ. ನಾಲ್ಕು ಲೀಟರ್ ನೀರು ಕುದಿದು ಮೂರು ಲೀಟರಿಗೆ ಇಳಿದರೆ, ನಿಮ್ಮ 3.2 ಮಿಲಿಗ್ರಾಂ ಸುಮಾರು 4.3ಕ್ಕೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ 1.5 ಮಿಲಿಗ್ರಾಂ. ಮೇಣದಬತ್ತಿಯಾಕಾರದ ಸಾಮಾನ್ಯ (ಕ್ಯಾಂಡಲ್) ಫಿಲ್ಟರ್ ಆಗಲಿ, ನೇರಳಾತೀತ ಕಿರಣದ ಯಂತ್ರವಾಗಲಿ ಫ್ಲೋರೈಡನ್ನು ತೆಗೆಯುವುದಿಲ್ಲ.

ಮೊದಲು ಮಗಳ ವಿಷಯ ಹೇಳುತ್ತೇನೆ, ಏಕೆಂದರೆ ಈಗ ತಡೆಯಲು ಸಾಧ್ಯವಿರುವುದು ಅಲ್ಲಿಯೇ. ಶಾಶ್ವತ ಹಲ್ಲುಗಳ ಎನಾಮಲ್, ಅಂದರೆ ಗಟ್ಟಿ ಹೊರಪದರ, ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ಅವಧಿಯಲ್ಲಿ ದೇಹ ಸೇರಿದ ಹೆಚ್ಚುವರಿ ಫ್ಲೋರೈಡಿನ ಗುರುತು ಹಲ್ಲು ಹುಟ್ಟುವಾಗಲೇ ಅದರೊಂದಿಗೆ ಬರುತ್ತದೆ. ತಾಯಿ ಇದೇ ನೀರನ್ನು ಕುಡಿಯುತ್ತಿದ್ದರೂ ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ ಇರುತ್ತದೆ, ಆದ್ದರಿಂದ ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಆದರೆ ಮಗುವಿಗೆ ಕುಡಿಸುವ ನೀರು, ಅದರ ಗಂಜಿ ಬೇಯಿಸುವ ನೀರು, ಹಾಲಿನ ಪುಡಿ ಕಲಸುವ ನೀರು ಇಂದಿನಿಂದಲೇ ಬೇರೆಯದಾಗಬೇಕು.

ಬದಲಿಸಬೇಕಾದುದು ಕುಡಿಯುವ ಮತ್ತು ಅಡುಗೆಯ ನೀರನ್ನು ಮಾತ್ರ. ಫ್ಲೋರೈಡ್ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಗೆ ಹೋಗುವುದಿಲ್ಲವಾದ್ದರಿಂದ ಸ್ನಾನಕ್ಕೆ, ಬಟ್ಟೆ ಒಗೆಯಲು ಇದೇ ನೀರು ಸಾಕು. ತಲೆಗೆ ದಿನಕ್ಕೆ ಹತ್ತು ಲೀಟರ್ ಎಂದುಕೊಂಡರೂ ಐದು ಜನರ ಮನೆಗೆ ಐವತ್ತು ಲೀಟರ್ ಬೇಕಾಗುತ್ತದೆ, ಅಷ್ಟೇ. ಈ ಲೆಕ್ಕ ತಿಳಿದಾಗ ಕೈಲಾಗದ ಕೆಲಸ ಎಂಬ ಭಯ ಹೋಗುತ್ತದೆ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಶುಚಿಯಾದ ಛಾವಣಿಯಿಂದ ಬಂದುದನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ. ರೋಗಾಣುಗಳಿಗಾಗಿ ಅದನ್ನು ಕುದಿಸಿ. ಸಂಗ್ರಹ ಸಾಲದಿದ್ದರೆ ಒಂದು ಕೊಡ ಕೊಳವೆಬಾವಿಯ ನೀರಿಗೆ ಮೂರು ಕೊಡ ಮಳೆನೀರು ಬೆರೆಸಿದಾಗ ನಿಮ್ಮ ಪ್ರಮಾಣ 0.8ಕ್ಕೆ ಇಳಿಯುತ್ತದೆ. ನನ್ನ ಮೊದಲ ಆಯ್ಕೆ ಇದೇ. ಹತ್ತಿರದ ಬೇರೆ ಬಾವಿಗಳ ನೀರನ್ನೂ ಪರೀಕ್ಷಿಸಿ ನೋಡಿ. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರು ಬಂಡೆಯ ಸಂಪರ್ಕದಲ್ಲಿ ಹೆಚ್ಚು ಕಾಲ ಇದ್ದಿರುತ್ತದೆ, ಹಾಗಾಗಿ ಒಂದೇ ಊರಿನ ಎರಡು ಬಾವಿಗಳಲ್ಲಿ ಪ್ರಮಾಣ ಅಜಗಜಾಂತರವಿರಬಹುದು.

ಪಟಿಕ ಮತ್ತು ಸುಣ್ಣ ಬೆರೆಸಿ ಕಲಕಿ, ಗಸಿ ತಳಕ್ಕಿಳಿದ ಮೇಲೆ ತಿಳಿನೀರು ತೆಗೆಯುವ ನಲಗೊಂಡ ವಿಧಾನವೂ ಇದೆ. ಪಟಿಕದ ಅಳತೆ ಫ್ಲೋರೈಡ್ ಮತ್ತು ಕ್ಷಾರೀಯತೆ ಎರಡನ್ನೂ ಅವಲಂಬಿಸಿರುವುದರಿಂದ, ಅಂದಾಜಿಗೆ ಹಾಕಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿದುಬಿಡುತ್ತದೆ. ಪ್ರಯೋಗಾಲಯದವರಿಂದ ಅಳತೆ ಬರೆಸಿಕೊಳ್ಳಿ. ಫ್ಲೋರೈಡನ್ನು ಹೀರಿಕೊಳ್ಳುವ ಸಕ್ರಿಯ ಅಲ್ಯುಮಿನಾ ಹರಳುಗಳ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಹೀರುವ ಶಕ್ತಿ ಮುಗಿದ ಮೇಲೂ ನಲ್ಲಿಯಿಂದ ಬರುವ ನೀರು ಮೊದಲಿನಂತೆಯೇ ತಿಳಿಯಾಗಿರುತ್ತದೆ. ಬಣ್ಣವಾಗಲಿ ರುಚಿಯಾಗಲಿ ಎಚ್ಚರಿಸುವುದಿಲ್ಲ. ರಿವರ್ಸ್ ಆಸ್ಮೋಸಿಸ್ (ಆರ್‌ಒ) ಘಟಕವೂ ಫ್ಲೋರೈಡನ್ನು ತೆಗೆಯುತ್ತದೆ, ಆದರೆ ಅದು ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ದಟ್ಟವಾಗಿರುವುದರಿಂದ ಅದನ್ನು ದನಕರುಗಳಿಗೆ ಕುಡಿಸಬಾರದು.

ನಿಮ್ಮ ಮಗನ ಹಲ್ಲಿನ ಕಲೆ ಕೊಳೆಯಲ್ಲ, ಉಜ್ಜಿ ಉಜ್ಜಿ ಅವನನ್ನು ನೋಯಿಸಬೇಡಿ, ಬೈಯಲೂ ಬೇಡಿ. ದಂತವೈದ್ಯರು ಮೇಲ್ಪದರವನ್ನು ತೆಳುವಾಗಿ ಸವೆಸಿ ಅಥವಾ ಹೊದಿಕೆ ಹಾಕಿ ಮರೆಮಾಡಬಲ್ಲರು.

ಅತ್ತೆಯವರನ್ನು ಮೊಣಕಾಲು ಮಡಿಸದೆ ನೆಲದ ಮೇಲಿನ ನಾಣ್ಯ ಎತ್ತಲು, ಗಲ್ಲವನ್ನು ಎದೆಗೆ ತಾಗಿಸಲು, ಎರಡೂ ಕೈಗಳನ್ನು ತಲೆಯ ಹಿಂದೆ ಜೋಡಿಸಲು ಕೇಳಿ. ಆಗದಿದ್ದರೆ ಅದು ಫ್ಲೋರೋಸಿಸ್ (ಹೆಚ್ಚು ಫ್ಲೋರೈಡಿನಿಂದ ಬರುವ ಕಾಯಿಲೆ) ಎಂದೇ ಅಲ್ಲ, ಆದರೆ ಎಕ್ಸ್-ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ ಮಾಡಿಸಲು ಅಷ್ಟು ಕಾರಣ ಸಾಕು. ಫ್ಲೋರೈಡ್ ಹೊರಹಾಕುವುದು ಮೂತ್ರಪಿಂಡಗಳಾದ್ದರಿಂದ ಅವುಗಳ ಪರೀಕ್ಷೆಯೂ ಆಗಲಿ. ಎಲುಬಿನಲ್ಲಿ ಸೇರಿದ್ದನ್ನು ಕರಗಿಸುವ ಔಷಧಿಯಿಲ್ಲ. ನೀರು ಬದಲಾದರೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಊಟದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಸಿ ಚೆನ್ನಾಗಿರಲಿ. ಕಾಲಿನಲ್ಲಿ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು.

ಯಾವ ವ್ಯವಸ್ಥೆ ಮಾಡಿಕೊಂಡರೂ ಮಾಡಿದ ಮೇಲೊಮ್ಮೆ, ಬಳಿಕ ಬೇಸಿಗೆಯಲ್ಲಿ ಮತ್ತು ಮಳೆಗಾಲದ ನಂತರ, ಗಾಜಿನದಲ್ಲ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ತುಂಬಿ ಪರೀಕ್ಷೆಗೆ ಕಳುಹಿಸಿ.